ಡ್ರೈವರ್‌ನಲ್ಲಿ ಒಂದು ಹೆಸರು ಬದಲಾದರೆ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಾಲಿನ ಡೈರಿಗಳಲ್ಲಿ ಬೆಳಗಿನ ಹೊತ್ತು ಯಾರಿಗೂ ಪುರುಸೊತ್ತು ಇರುವುದಿಲ್ಲ. ಕ್ಯಾನು ಹಿಡಿದವರ ಸಾಲು ಬಾಗಿಲಾಚೆಗೂ ನಿಂತಿರುತ್ತದೆ. ಹಾಲು ತೂಕಕ್ಕೆ ಹೋಗುತ್ತದೆ, ಅದರಲ್ಲೇ ಸ್ವಲ್ಪ ಸ್ಯಾಂಪಲ್ ಅನಲೈಸರ್‌ಗೆ ಹೋಗುತ್ತದೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಎಷ್ಟು ಅಂತ ಕಂಪ್ಯೂಟರಿಗೆ ಬಂದು ಚೀಟಿ ಹೊರಬೀಳುತ್ತದೆ. ನಡುವೆ ಕರೆಂಟ್ ಹೋಗಿ ಬಂತು ಅಂದುಕೊಳ್ಳಿ. ಸೆಕ್ರೆಟರಿ ಫೋನ್ ಮಾಡುತ್ತಾರೆ: “ಸಾರ್, ತೂಕಾನೇ ಬರ್ತಾ ಇಲ್ಲ. ವೈರೆಲ್ಲಾ ಸರಿಯಾಗೇ ಐತೆ.”

ವೈರ್ ನಿಜಕ್ಕೂ ಸರಿಯಾಗಿರುತ್ತದೆ. ಎಷ್ಟೋ ಸಲ ಹೆಸರು ಅದಲುಬದಲಾಗಿರುತ್ತದೆ.

ಆ ಕಂಪ್ಯೂಟರ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನದಾಗಿದ್ದರೆ, ಯುಎಸ್‌ಬಿ ಸೀರಿಯಲ್ ಕೇಬಲ್‌ನಲ್ಲಿ ಬಂದ ಮೊದಲ ಸಾಧನಕ್ಕೆ ಟಿಟಿವೈಯುಎಸ್‌ಬಿ0 ಅಂತ ಹೆಸರು ಬೀಳುತ್ತದೆ. ಎರಡನೆಯದಕ್ಕೆ ಟಿಟಿವೈಯುಎಸ್‌ಬಿ1. ಯಾವುದು ಮೊದಲು ಎದ್ದಿತೋ ಅದಕ್ಕೆ ಸೊನ್ನೆ. ನಿನ್ನೆ ತೂಕದ ಯಂತ್ರ ಮೊದಲು ಎದ್ದಿತ್ತು, ಇವತ್ತು ಅನಲೈಸರ್ ಎದ್ದಿದೆ. ಇನ್ನೊಂದು ಕಾರಣವೂ ಉಂಟು. ಸಾಫ್ಟ್‌ವೇರ್ ಸೊನ್ನೆಯನ್ನು ತೆರೆದು ಕೂತಿರುವಾಗಲೇ ಕೇಬಲ್ ಕಿತ್ತು ಮತ್ತೆ ಹಾಕಿದರೆ, ಹಳೆಯ ನಂಬರ್ ಇನ್ನೂ ಬಿಡುಗಡೆ ಆಗಿರುವುದಿಲ್ಲ. ಹಾಗಾಗಿ ಅದೇ ಯಂತ್ರ ಬೇರೆ ನಂಬರ್ ಹೊತ್ತು ಬರುತ್ತದೆ.

ಸಾಧನದ ಹೆಸರು ಅಂದರೆ ಬರೀ ಅಲಂಕಾರ ಅಂತ ತುಂಬಾ ಜನ ತಿಳಿದಿದ್ದಾರೆ. ಕೋಡ್ ಬರೆಯುವವರಲ್ಲೂ ಜಾಸ್ತಿ ಜನ ಹಾಗೇ ತಿಳಿದಿದ್ದಾರೆ, ಅದೇ ನನ್ನ ಕಳವಳ. ಡ್ರೈವರ್ ಅಂದರೆ ಸಾಧನವನ್ನು ನಡೆಸುವ ಕೋಡ್, ಪ್ಯಾಚ್ ಅಂದರೆ ಕೋಡ್‌ಗೆ ಮಾಡುವ ತಿದ್ದುಪಡಿ, ರಿವ್ಯೂ ಅಂದರೆ ಅದನ್ನು ಸೇರಿಸುವ ಮೊದಲು ಮಾಡುವ ಪರಿಶೀಲನೆ. ಡ್ರೈವರ್‌ನಲ್ಲಿ ಹೆಸರು ಬದಲಿಸುವ ಪ್ಯಾಚ್ ನಾಲ್ಕು ಸಾಲಿನದ್ದಾದರೂ, ಅದನ್ನು ರಿವ್ಯೂ ಮಾಡುವಾಗ ನಾನೂರು ಸಾಲಿನ ಪ್ಯಾಚ್‌ಗಿಂತ ಹೆಚ್ಚು ಹೊತ್ತು ಕೂರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಂಥ ಒಂದು ಪ್ಯಾಚ್ ಬಂದಿದೆ ಎಂದುಕೊಳ್ಳಿ. ಡೈರಿಯಲ್ಲಿ ಬಿಎಂಸಿ ಇರುತ್ತದಲ್ವಾ, ಹಾಲನ್ನು 4 ಡಿಗ್ರಿಗೆ ತಂಪು ಮಾಡಿ ಇಡುವ ಸ್ಟೀಲ್ ಟ್ಯಾಂಕು, ಅದರ ಬಿಸಿ ಅಳೆಯುವ ಸೆನ್ಸರ್‌ನ ಡ್ರೈವರ್ ಇದು. ಬರೆದವರು ಸಾಧನಕ್ಕೆ ‘ಟ್ಯಾಂಕ್‌ಟೆಂಪ್’ ಅಂತ ಒಂದೇ ಹೆಸರು ಕೊಟ್ಟಿದ್ದರು. ಒಂದು ಟ್ಯಾಂಕ್ ಇರುವ ತನಕ ತೊಂದರೆ ಇರಲಿಲ್ಲ. ಎರಡನೇ ಟ್ಯಾಂಕ್ ಬಂತು, ಅದೇ ಮಾದರಿಯ ಇನ್ನೊಂದು ಸೆನ್ಸರ್ ಹಾಕಿದರು. ಅದು ಏಳಲೇ ಇಲ್ಲ. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ಪ್ರೋಗ್ರಾಂ, ಬರೆದಿಡುವ ಲಾಗ್‌ನಲ್ಲಿ ‘ಅದೇ ಹೆಸರಿನ ಫೈಲ್ ಮತ್ತೆ ಮಾಡಲಾಗದು’ ಅನ್ನುವ ಅರ್ಥದ ಎಚ್ಚರಿಕೆ, ಜೊತೆಗೆ ಮೈನಸ್ 17 ಅನ್ನುವ ಎರರ್ ನಂಬರ್. ಈಗಾಗಲೇ ಇದೆ ಅಂತ ಅದರ ಅರ್ಥ. ಲಿನಕ್ಸ್‌ನಲ್ಲಿ ಪ್ರತಿ ಸಾಧನಕ್ಕೂ ಸಿಸ್‌ಎಫ್‌ಎಸ್ ಅನ್ನುವ ಕಡೆ ಅದರ ಹೆಸರಿನದೇ ಒಂದು ಫೋಲ್ಡರ್ ಆಗುತ್ತದೆ. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಲಾರವು.

ಪ್ಯಾಚ್ ಮಾಡುವುದು ಇಷ್ಟೇ: ‘ಟ್ಯಾಂಕ್‌ಟೆಂಪ್’ ತೆಗೆದು ‘ಟ್ಯಾಂಕ್‌ಟೆಂಪ್0’, ‘ಟ್ಯಾಂಕ್‌ಟೆಂಪ್1’ ಅಂತ ಕೊಡುವುದು. ನಂಬರಿಗೆ ಒಂದು ಕೌಂಟರ್, ಪ್ರತಿ ಸಾಧನ ಬಂದಾಗ ಒಂದು ಕೂಡಿಸುವುದು. ನೋಡಲು ಅಚ್ಚುಕಟ್ಟಾಗಿದೆ.

ಮೊದಲು ಕೌಂಟರ್ ನೋಡೋಣ. ಅದು ಏರುತ್ತದೆ, ಇಳಿಯುವುದಿಲ್ಲ. ಸೆನ್ಸರ್ ಕಿತ್ತು ಹಾಕಿದಾಗಲೆಲ್ಲ ಹೊಸ ನಂಬರ್. ಮಳೆಗಾಲದಲ್ಲಿ ಕನೆಕ್ಷನ್ ಸಡಿಲ ಇರುವ ಕಡೆ ಒಂದೇ ದಿನಕ್ಕೆ ನಂಬರ್ ಎಲ್ಲಿಗೋ ಹೋಗಿರುತ್ತದೆ. ಇದಕ್ಕೆಂದೇ ಕರ್ನಲ್‌ನಲ್ಲಿ ಐಡಿಎ ಅನ್ನುವ ವ್ಯವಸ್ಥೆ ಇದೆ. ಖಾಲಿ ಇರುವ ಅತಿ ಚಿಕ್ಕ ನಂಬರ್ ಕೊಡುತ್ತದೆ, ಸಾಧನ ಹೋದಾಗ ಆ ನಂಬರನ್ನು ವಾಪಸ್ ಕೊಡಬೇಕು. ಅದನ್ನು ಬಳಸಿ ಅಂತ ಬರೆಯುತ್ತೇನೆ.

ಆಮೇಲೆ ಹೆಸರಿಡುವ ಫಂಕ್ಷನ್. ಅದು ಹೆಸರಿಗಾಗಿ ಮೆಮೊರಿ ತೆಗೆದುಕೊಳ್ಳುತ್ತದೆ. ಮೆಮೊರಿ ಸಿಗದಿದ್ದರೆ ಎರರ್ ಕೊಡುತ್ತದೆ, ಪ್ಯಾಚ್ ಅದನ್ನು ನೋಡುತ್ತಲೇ ಇಲ್ಲ. ಹೆಸರಿಟ್ಟ ಮೇಲೆ ಕರ್ನಲ್‌ನಲ್ಲಿ ಸಾಧನದ ನೋಂದಣಿ ಕೆಟ್ಟರೆ, ಸಾಧನದ ರಚನೆಯನ್ನು ಸುಮ್ನೆ ಅಳಿಸಿದರೆ ಹೆಸರಿನ ಮೆಮೊರಿ ಒಳಗೇ ಸೋರಿ ಉಳಿಯುತ್ತದೆ. ಸಾಧನ ಇನ್ನೂ ಬಳಕೆಯಲ್ಲಿದೆ ಅಂತ ಹಿಡಿದಿರುವ ಉಲ್ಲೇಖವನ್ನು (ರೆಫರೆನ್ಸ್) ಬಿಡಬೇಕು, ಆಗ ಎಲ್ಲವೂ ಕ್ರಮವಾಗಿ ಬಿಡುಗಡೆ ಆಗುತ್ತದೆ. ಈ ತಪ್ಪು ಡ್ರೈವರ್‌ಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಇನ್ನೊಂದು ಅಪಾಯ: ಈ ಫಂಕ್ಷನ್ ಹೆಸರಿನೊಳಗಿನ ಶೇಕಡಾ ಚಿಹ್ನೆಯನ್ನು ವಿಶೇಷ ಸೂಚನೆ ಅಂತ ಓದುತ್ತದೆ. ಸಾಧನದಿಂದಲೇ ಬಂದ ಹೆಸರನ್ನು ಹಾಗೇ ಕೊಟ್ಟರೆ, ಕೆಟ್ಟ ಉದ್ದೇಶದವನು ಮಾಡಿದ ಸಾಧನ ಕರ್ನಲ್‌ನ ಮೆಮೊರಿಯಲ್ಲಿ ಕೈಯಾಡಿಸಲು ದಾರಿ ಆಗಬಹುದು.

ಇವೆಲ್ಲ ಕೋಡ್ ಒಳಗಿನ ಮಾತು, ಕಣ್ಣಿಗೆ ಕಾಣುತ್ತವೆ. ಕಾಣದೇ ಇರುವುದು ಹೊರಗಿದೆ. ‘ಟ್ಯಾಂಕ್‌ಟೆಂಪ್’ ಅನ್ನುವ ಹೆಸರನ್ನು ನಂಬಿ ಯಾರು ಯಾರು ಏನೇನು ಬರೆದಿದ್ದಾರೆ? ಒಂದು ಟ್ಯಾಂಕ್ ಇರುವ ಡೈರಿಯಲ್ಲಿ ಬಿಸಿ ಏರಿದರೆ ಮೆಸೇಜ್ ಕಳಿಸುವ ಸ್ಕ್ರಿಪ್ಟ್ ಒಂದು ಇರುತ್ತದೆ. ಅದು ಆ ಹೆಸರಿನ ಫೋಲ್ಡರನ್ನೇ ತೆರೆಯುತ್ತದೆ. ಕರ್ನಲ್ ಅಪ್‌ಡೇಟ್ ಆದ ರಾತ್ರಿ ಹೆಸರು ‘ಟ್ಯಾಂಕ್‌ಟೆಂಪ್0’ ಆಗುತ್ತದೆ. ಸ್ಕ್ರಿಪ್ಟ್‌ಗೆ ಫೈಲ್ ಸಿಗುವುದಿಲ್ಲ, ಅದು ಮೌನವಾಗುತ್ತದೆ. ಬೆಳಿಗ್ಗೆ ಟ್ಯಾಂಕ್ ತೆರೆದರೆ ಹಾಲು ಒಡೆದಿರುತ್ತದೆ. ಆ ಸ್ಕ್ರಿಪ್ಟ್ ಕರ್ನಲ್‌ನ ಕೋಡ್‌ನಲ್ಲಿ ಇಲ್ಲ, ಹುಡುಕಿದರೂ ರಿವ್ಯೂ ಮಾಡುವವನಿಗೆ ಸಿಗುವುದಿಲ್ಲ. ಅದಕ್ಕೇ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಮೊದಲಿನಿಂದಲೂ ಪಟ್ಟು ಹಿಡಿದ ನಿಯಮ ಒಂದಿದೆ: ಕರ್ನಲ್ ಬದಲಾದರೂ ಬಳಸುವವರ ಪ್ರೋಗ್ರಾಂ ಕೆಡಬಾರದು.

ಇತಿಹಾಸದಲ್ಲಿ ಇದಕ್ಕೆ ದೊಡ್ಡ ಉದಾಹರಣೆಗಳಿವೆ. ಹಳೆಯ ಐಡಿಇ ಹಾರ್ಡ್‌ಡಿಸ್ಕ್‌ಗಳಿಗೆ ಎಚ್‌ಡಿಎ ಅಂತ ಹೆಸರಿತ್ತು. ಹೊಸ ಡ್ರೈವರ್‌ಗಳು ಬಂದಾಗ ಅದೇ ಡಿಸ್ಕ್ ಎಸ್‌ಡಿಎ ಆಯಿತು. 2007ರಲ್ಲಿ ಬಂದ ಫೆಡೋರಾ 7 ಅನ್ನುವ ಲಿನಕ್ಸ್ ಆವೃತ್ತಿಯಲ್ಲಿ ಈ ಬದಲಾವಣೆ ಎದುರಾಯಿತು. ಸೆಟ್ಟಿಂಗ್ ಫೈಲ್‌ನಲ್ಲಿ ಹಳೆಯ ಹೆಸರು ಬರೆದಿಟ್ಟ ಕಂಪ್ಯೂಟರ್‌ಗಳಿಗೆ ತಮ್ಮದೇ ಡಿಸ್ಕ್ ಸಿಗದೆ ಹೋಗುವ ಪರಿಸ್ಥಿತಿ. ಡಿಸ್ಕನ್ನು ಹೆಸರಿನ ಬದಲು ಲೇಬಲ್‌ನಿಂದ, ಅಥವಾ ಯುಯುಐಡಿ ಅನ್ನುವ 128 ಬಿಟ್‌ನ ಗುರುತಿನ ನಂಬರಿನಿಂದ ಗುರುತಿಸುವ ಅಭ್ಯಾಸ ಬೆಳೆದಿದ್ದಕ್ಕೆ ಇದೂ ಒಂದು ಕಾರಣ. ನೆಟ್‌ವರ್ಕ್ ಕಾರ್ಡ್‌ಗಳ ಕಥೆಯೂ ಇದೇ. ಇಟಿಎಚ್0, ಇಟಿಎಚ್1 ಅನ್ನುವ ಅವುಗಳ ಹೆಸರು ಅದಲುಬದಲಾಗಿ ಫೈರ್‌ವಾಲ್‌ನ ಒಳಬದಿ ಹೊರಬದಿಯಾಗುವ ಅಪಾಯ ಇತ್ತು. 2013ರಲ್ಲಿ, ಲಿನಕ್ಸ್ ಏಳುವಾಗ ಸೇವೆಗಳನ್ನು ಶುರುಮಾಡುವ ಸಿಸ್ಟಂಡಿಯ 197ನೇ ಆವೃತ್ತಿ ಹೊಸ ಪದ್ಧತಿ ತಂದಿತು: ಕಾರ್ಡ್ ಯಾವ ಸ್ಲಾಟ್‌ನಲ್ಲಿದೆ ಅನ್ನುವುದೇ ಹೆಸರೊಳಗೆ ಬರುತ್ತದೆ. ಅಲ್ಲಿ ಜಾಗದ ಬಿಗಿಯೂ ಉಂಟು. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಹೆಸರಿಗೆ 15 ಅಕ್ಷರ ಮಾತ್ರ. ಕಾರ್ಡ್‌ನ ಗುರುತಿನ ನಂಬರಾದ ಮ್ಯಾಕ್ ವಿಳಾಸದಿಂದ ಮಾಡುವ ಹೆಸರಿನಲ್ಲಿ ಮೊದಲ 3 ಅಕ್ಷರ, ವಿಳಾಸದ 12 ಸೇರಿ ಸರಿಯಾಗಿ 15ಕ್ಕೆ ನಿಲ್ಲುತ್ತದೆ.

ಹಾಗಾದರೆ ಸಾಧನವನ್ನು ಗುರುತಿಸುವುದು ಹೇಗೆ? ಡೈರಿಯ ಪುಸ್ತಕದಲ್ಲೇ ಉತ್ತರ ಇದೆ. ಊರಲ್ಲಿ ನಾಲ್ಕು ಜನ ಮುನಿಯಪ್ಪ ಇರಬಹುದು, ಸಾಲಿನಲ್ಲಿ ಇವತ್ತು ಯಾರು ಮೊದಲು ನಿಂತರು ಅನ್ನುವುದನ್ನು ನೋಡಿ ಯಾರೂ ದುಡ್ಡು ಹಾಕುವುದಿಲ್ಲ. ಪ್ರತಿಯೊಬ್ಬರಿಗೂ ಸದಸ್ಯ ನಂಬರ್ ಇದೆ. ಸಾಧನದ ಸೀರಿಯಲ್ ನಂಬರ್ ಅಂಥದ್ದು. ಅದನ್ನು ಸೇರಿಸಿದ ಹೆಸರುಗಳನ್ನು ಸಾಧನ ಬಂದಾಗ ಹೆಸರುಗಳನ್ನು ನೋಡಿಕೊಳ್ಳುವ ಯೂಡೆವ್ ಅನ್ನುವ ಪ್ರೋಗ್ರಾಂ ತಾನೇ ಮಾಡಿಡುತ್ತದೆ. ಆದರೆ ಸಿಎಚ್340ಯಂಥ ಅಗ್ಗದ ಯುಎಸ್‌ಬಿ ಸೀರಿಯಲ್ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರೇ ಇರುವುದಿಲ್ಲ. ಅಂಥವು ಎರಡಿದ್ದರೆ ಯಾವ ಪೋರ್ಟ್‌ನಲ್ಲಿ ಚುಚ್ಚಿದೆ ಅನ್ನುವುದನ್ನೇ ನಂಬಬೇಕು, ಕೇಬಲ್‌ಗಳನ್ನು ಆ ಪೋರ್ಟ್‌ಗಳಿಂದ ಕದಲಿಸಬಾರದು.

ಬೋರ್ಡ್ ಮೇಲೇ ಇರುವ ಸೆನ್ಸರ್‌ಗೆ ಇನ್ನೂ ಒಳ್ಳೆಯ ದಾರಿ ಇದೆ. ಬೋರ್ಡಿನ ಚಿಪ್‌ಗಳು ಮಾತಾಡಿಕೊಳ್ಳುವ ಐ2ಸಿ ಅನ್ನುವ ತಂತಿಯಲ್ಲಿ ಪ್ರತಿ ಚಿಪ್‌ಗೂ ವಿಳಾಸ ಇರುತ್ತದೆ. ಎಲ್‌ಎಂ75 ಅನ್ನುವ ಸಾಮಾನ್ಯ ತಾಪಮಾನ ಚಿಪ್‌ಗೆ ಮೂರು ಪಿನ್‌ಗಳಿಂದ ಎಂಟು ವಿಳಾಸಗಳಲ್ಲಿ ಒಂದನ್ನು ಕೊಡಬಹುದು, ಅಂದರೆ ಒಂದೇ ತಂತಿಗೆ ಎಂಟು ಸೆನ್ಸರ್. ಬೋರ್ಡಿನ ವಿವರ ಬರೆದಿಡುವ ಡಿವೈಸ್ ಟ್ರೀಯಲ್ಲಿ, ಇಂಥ ವಿಳಾಸದ ಚಿಪ್‌ಗೆ ‘ಟ್ಯಾಂಕ್ ಒಂದು’, ‘ಟ್ಯಾಂಕ್ ಎರಡು’ ಅಂತ ಲೇಬಲ್ ಬರೆದರೆ ಸಾಕು. ಕರ್ನಲ್ ಯಾವ ನಂಬರಾದರೂ ಕೊಡಲಿ, ಪ್ರೋಗ್ರಾಂ ಲೇಬಲ್ ಓದಿಕೊಳ್ಳುತ್ತದೆ. ಕರ್ನಲ್‌ನಲ್ಲಿ ಇಂಥ ಸೆನ್ಸರ್‌ಗಳನ್ನು ನೋಡಿಕೊಳ್ಳುವ ಎಚ್‌ಡಬ್ಲ್ಯುಮಾನ್ ವಿಭಾಗ ಕೇಳುವುದೂ ಇದನ್ನೇ: ಸಾಲಿನ ನಂಬರ್ ಪ್ರತಿ ಬೂಟ್‌ಗೂ ಬದಲಾಗಬಹುದು, ಅದನ್ನು ನಂಬಬೇಡಿ. ಅಲ್ಲಿ ಚಿಪ್‌ನ ಹೆಸರಿನಲ್ಲಿ ಹೈಫನ್ ಬಳಸುವಂತಿಲ್ಲ, ಯಾಕೆಂದರೆ ಸೆನ್ಸರ್ ಓದುವ ಪ್ರೋಗ್ರಾಂಗಳು ಹೆಸರನ್ನೂ ವಿಳಾಸವನ್ನೂ ಹೈಫನ್‌ನಿಂದಲೇ ಬಿಡಿಸಿಕೊಳ್ಳುತ್ತವೆ.

ಹಾಗಾಗಿ ಪ್ಯಾಚ್ ಬರೆದವರಿಗೆ ನನ್ನ ಉತ್ತರ ಹೀಗಿರುತ್ತದೆ. ನಿಮ್ಮ ಕಷ್ಟ ನಿಜ, ಎರಡನೇ ಟ್ಯಾಂಕ್ ಕೆಲಸ ಮಾಡಲೇಬೇಕು. ಆದರೆ ಒಂದೇ ಸೆನ್ಸರ್ ಇರುವ ಕಡೆ ಹಳೆಯ ಹೆಸರು ಹಾಗೇ ಉಳಿಯಲಿ. ಲೇಬಲ್ ಇರುವ ಬೋರ್ಡ್‌ಗಳಲ್ಲಿ ಮಾತ್ರ ನಂಬರ್ ಇರುವ ಹೊಸ ಹೆಸರು ಬರಲಿ. ಅಂಥ ಲೇಬಲ್ ಇವತ್ತಿನ ತನಕ ಯಾವ ಬೋರ್ಡ್‌ನಲ್ಲೂ ಇಲ್ಲ, ಆದ್ದರಿಂದ ಯಾರ ಸ್ಕ್ರಿಪ್ಟೂ ಕೆಡುವುದಿಲ್ಲ. ಹೊಸ ಫೈಲ್‌ಗಳ ವಿವರವನ್ನು ಹೊರಗಿನ ಪ್ರೋಗ್ರಾಂಗಳು ಏನನ್ನು ನಂಬಬಹುದು ಅಂತ ಹೇಳುವ ಕರ್ನಲ್‌ನ ಎಬಿಐ ದಾಖಲೆಯಲ್ಲಿ ಬರೆಯಿರಿ. ಲೇಬಲ್ ಹಾಕಿದ ಬೋರ್ಡ್‌ನಲ್ಲಿ ಒಂದು ಸೆನ್ಸರ್ ಕಿತ್ತು ಹಾಕಿ, ಎರಡನ್ನೂ ಹಿಂದುಮುಂದಾಗಿ ಎಬ್ಬಿಸಿ, ಲೇಬಲ್ ಸರಿಯಾದ ಟ್ಯಾಂಕ್‌ನಲ್ಲೇ ಉಳಿಯಿತಾ ಅಂತ ನೋಡಿ. ಹಳೆಯ ಬೋರ್ಡ್‌ನಲ್ಲಿ ಹಳೆಯ ಸ್ಕ್ರಿಪ್ಟ್ ಒಂದಕ್ಷರವೂ ಬದಲಾಗದೆ ಓಡಿತು ಅಂತ ತೋರಿಸಿ. ಅದಾದ ಮೇಲೆ ಪರಿಶೀಲಿಸಿ ಒಪ್ಪಿದ್ದೇನೆ ಅನ್ನುವ ಗುರುತಾಗಿ ರಿವ್ಯೂಡ್-ಬೈ ಅಂತ ನನ್ನ ಹೆಸರು ಹಾಕುತ್ತೇನೆ.