ಟೋಪಿಯೇ ಗುರುತು: ನಾಣ್ಯಗಳ ಮೇಲೆ ಕ್ಯಾಸ್ಟರ್ ಮತ್ತು ಪೊಲಕ್ಸ್

ಗಡ್ಡವಿಲ್ಲದ ಇಬ್ಬರು ತರುಣರು ಅಕ್ಕಪಕ್ಕ ನಿಂತ ಮಾತ್ರಕ್ಕೆ ಅವರು ಗ್ರೀಕ್ ಪುರಾಣದ ಅವಳಿ ಸಹೋದರರಾದ ಕ್ಯಾಸ್ಟರ್, ಪೊಲಕ್ಸ್ ಆಗಿಬಿಡುವುದಿಲ್ಲ. ಗ್ರೀಕ್ ಕಲೆಯಲ್ಲಿ ಅಂಥ ಜೋಡಿಗಳು ಬೇಕಾದಷ್ಟಿವೆ. ಕ್ರಿ.ಪೂ. 530ರ ಸುಮಾರಿಗೆ ಎಕ್ಸೆಕಿಯಾಸ್ ಎಂಬ ಕಲಾವಿದ ಚಿತ್ರಿಸಿದ ಹೂಜಿ ವ್ಯಾಟಿಕನ್‌ನಲ್ಲಿದೆ. ಮನೆಗೆ ಮರಳಿದ ಅವಳಿಗಳ ಚಿತ್ರ ಅದರಲ್ಲಿದೆ: ಒಬ್ಬನ ಮೇಲೆ ನಾಯಿ ಹಾರುತ್ತಿದೆ, ಇನ್ನೊಬ್ಬನ ಬಳಿ ಕುದುರೆ ನಿಂತಿದೆ. ಯಾರು ಯಾರೆಂದು ತಿಳಿಸಲು ಕಲಾವಿದ ಪಕ್ಕದಲ್ಲೇ ಹೆಸರು ಬರೆದಿದ್ದಾನೆ.

ಮುಂದೆ ಹೆಸರಿನ ಕೆಲಸವನ್ನು ಟೋಪಿ ವಹಿಸಿಕೊಂಡಿತು. ಉಣ್ಣೆಯನ್ನು ಒತ್ತಿ ಮಾಡಿದ ಚೂಪು ಟೋಪಿ, ಅದರ ಮೇಲೊಂದು ನಕ್ಷತ್ರ. ತಾಯಿ ಲೀಡಾಳನ್ನು ದೇವರಾಜ ಜ್ಯೂಸ್ ಹಂಸದ ರೂಪದಲ್ಲಿ ಕೂಡಿದ, ಆಕೆಯ ಮೊಟ್ಟೆಯಿಂದ ಅವಳಿಗಳು ಹುಟ್ಟಿದ ಕತೆ ಬಲ್ಲವರು ಆ ಟೋಪಿಯಲ್ಲಿ ಮೊಟ್ಟೆಯ ಅರ್ಧ ಚಿಪ್ಪನ್ನೂ ಕಂಡರು. ಆಕಾಶದಲ್ಲಿ ನಮ್ಮ ಪುನರ್ವಸು ನಕ್ಷತ್ರದ ಎರಡು ಚುಕ್ಕೆಗಳಿಗೆ ಇಂದಿಗೂ ಈ ಅವಳಿಗಳದೇ ಹೆಸರು.

ಈ ಗುರುತಿನ ಬಲ ತಿಳಿಯಲು ನಾಣ್ಯಗಳನ್ನೇ ನೋಡಬೇಕು. ಕ್ರಿ.ಪೂ. 211ರ ಸುಮಾರಿಗೆ ರೋಮ್ ಹೊರಡಿಸಿದ ಬೆಳ್ಳಿಯ ಡೆನೇರಿಯಸ್ ಸುಮಾರು 4.5 ಗ್ರಾಂ ತೂಗುತ್ತಿತ್ತು. ಅಗಲ ಎರಡು ಸೆಂಟಿಮೀಟರಿನ ಆಸುಪಾಸು. ಅಷ್ಟರಲ್ಲೇ ಇಬ್ಬರು ಸವಾರರು, ಎರಡು ಕುದುರೆಗಳು, ಚಾಚಿದ ಈಟಿಗಳು, ಕೆಳಗೆ ರೋಮಾ ಎಂಬ ಬರಹ. ಅಚ್ಚು ಕೊರೆಯುವವರು ಒಬ್ಬನನ್ನು ಇನ್ನೊಬ್ಬನ ಹಿಂದೆ ಇಟ್ಟು, ತುಸು ಪಕ್ಕಕ್ಕೆ ಸರಿಸಿ, ಹಿಂದಿನವನ ಮೈಯನ್ನು ಬಹುಪಾಲು ಮರೆಮಾಡಿದರು. ನಕ್ಷತ್ರಗಳಿಗೆ ಉಳಿದದ್ದು ಮೇಲಂಚು. ಎರಡು ಅಚ್ಚುಗಳ ನಡುವೆ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆಯುವಾಗ ಬಿಲ್ಲೆ ಕೂದಲೆಳೆಯಷ್ಟು ಕೆಳಕ್ಕೆ ಜಾರಿದರೂ ಆ ನಕ್ಷತ್ರಗಳೇ ಮೊದಲು ಬಿಲ್ಲೆಯಿಂದ ಹೊರಗುಳಿಯುತ್ತವೆ. ಹಾಗಾಗಿ ನಕ್ಷತ್ರ ಕಾಣದ ನಾಣ್ಯವನ್ನು ಬೇರೆ ಮಾದರಿಯೆಂದು ತೀರ್ಮಾನಿಸುವ ಮುನ್ನ ಚಿತ್ರ ನಡುವಿಗೆ ಬಿದ್ದಿದೆಯೇ ಎಂದು ನೋಡಬೇಕು.

ಅತ್ತ ಇಂದಿನ ಅಫ್ಘಾನಿಸ್ತಾನದ ಉತ್ತರಭಾಗದ ಸುತ್ತಿನ ಬ್ಯಾಕ್ಟ್ರಿಯಾದಲ್ಲಿ, ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಆಳಿದ ಯೂಕ್ರಟೈಡಿಸ್ ಇದೇ ಸವಾರರಿಗೆ ಈಟಿಯ ಜೊತೆ ಖರ್ಜೂರದ ಗರಿಯನ್ನೂ ಕೊಟ್ಟ. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಅವನ 169 ಗ್ರಾಂ ಚಿನ್ನದ ನಾಣ್ಯ, ಪ್ರಾಚೀನ ಜಗತ್ತಿನಿಂದ ನಮಗೆ ಸಿಕ್ಕಿರುವ ಚಿನ್ನದ ನಾಣ್ಯಗಳಲ್ಲೇ ಅತಿ ದೊಡ್ಡದು. ಅಲ್ಲಿ ಕುದುರೆಗಳು ನೆಗೆಯಲು ಜಾಗವಿದೆ. ಆದರೆ ಅದೇ ರಾಜನ ಪುಟ್ಟ ಬೆಳ್ಳಿ ಓಬಲ್‌ಗಳಲ್ಲಿ ಜಾಗವಿಲ್ಲ. ಅಲ್ಲಿ ಅಚ್ಚುಗಾರ ಸವಾರರನ್ನೂ ಕುದುರೆಗಳನ್ನೂ ಕೈಬಿಟ್ಟು ಎರಡು ಟೋಪಿ, ಎರಡು ಗರಿ ಮಾತ್ರ ಉಳಿಸಿಕೊಂಡ. ಈ ಇಡೀ ಪರಂಪರೆಯಲ್ಲಿ ಅತ್ಯಂತ ಜಾಣತನದ ಕೆಲಸ ಇದೇ. ವಿದಿಶೆಯ ಹೀಲಿಯೊಡೋರಸ್ ಸ್ತಂಭದಲ್ಲಿ ಹೆಸರಿರುವ ಇಂಡೋ-ಗ್ರೀಕ್ ರಾಜ ಅಂತಿಯಾಲ್ಕಿದಾಸನ ನಾಣ್ಯಗಳಲ್ಲೂ ಈ ಜೋಡಿ ಟೋಪಿಗಳಿವೆ, ಜೊತೆಗೆ ಖರೋಷ್ಠಿ ಲಿಪಿ.

ಗಾತ್ರ ದೊಡ್ಡದಾದರೆ ಗುರುತು ಸುಲಭ ಎಂದೇನಿಲ್ಲ. ರೋಮ್‌ನ ಕ್ವಿರಿನಾಲ್ ಚೌಕದಲ್ಲಿ ಕುದುರೆ ಪಳಗಿಸುವ ಇಬ್ಬರು ಅಮೃತಶಿಲೆಯ ತರುಣರ ಎತ್ತರ ಐದು ಮೀಟರಿಗೂ ಹೆಚ್ಚು. ಪೀಠಗಳ ಮೇಲೆ ಫಿಡಿಯಾಸ್, ಪ್ರಾಕ್ಸಿಟಲಿಸ್ ಎಂಬ ಗ್ರೀಕ್ ಶಿಲ್ಪಿಗಳ ಹೆಸರು ಕೆತ್ತಿದೆ. ಆದರೆ ಕೆಲಸ ರೋಮನ್ ಚಕ್ರಾಧಿಪತ್ಯದ ಕಾಲದ್ದು. ತಲೆಯ ಮೇಲೆ ಟೋಪಿಯಿಲ್ಲದ ಇವರನ್ನು ಅವಳಿಗಳೆನ್ನಲು ಮುಖ್ಯ ಆಧಾರ ಆ ಎರಡು ಕುದುರೆಗಳು.