ಬೈಬಲ್ ವ್ಯಾಖ್ಯಾನಗಳು: ಯಾವ ಕಾಲದ ಪ್ರಶ್ನೆಗೆ ಯಾರ ಉತ್ತರ?

1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಮೊದಲ ಸುರುಳಿಗಳಲ್ಲಿ ಒಂದು ಹಳೆಯ ಒಡಂಬಡಿಕೆಯ ಪ್ರವಾದಿ ಹಬಕ್ಕೂಕನ ಪುಸ್ತಕದ ವ್ಯಾಖ್ಯಾನ. ಪ್ರವಾದಿಯ ಒಂದು ಮಾತನ್ನು ಎತ್ತಿಕೊಳ್ಳುವುದು, ಅದರ ಅರ್ಥ ಬಿಡಿಸುವುದು, ಮುಂದಿನ ಮಾತಿಗೆ ಹೋಗುವುದು. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಈ ಕ್ರಮ ಇಂದಿನ ವ್ಯಾಖ್ಯಾನಗಳಲ್ಲೂ ಹಾಗೇ ಉಳಿದಿದೆ. ಹಬಕ್ಕೂಕ ಹೇಳಿದ ಕಸ್ದೀಯರನ್ನು, ಅಂದರೆ ಬಾಬಿಲೋನಿನವರನ್ನು, ಆ ವ್ಯಾಖ್ಯಾನಕಾರ ‘ಕಿತ್ತೀಯರು’ ಎಂದು ಓದಿಕೊಂಡ. ಅವನ ಕಣ್ಣ ಮುಂದಿದ್ದದ್ದು ರೋಮಿನ ಸೇನೆ ಎಂದು ಬಹುಪಾಲು ವಿದ್ವಾಂಸರು ತಿಳಿಯುತ್ತಾರೆ. ಮೂಲವನ್ನು ವಿವರಿಸಲು ಕೂತವನು ತನ್ನ ಕಾಲದ ಆತಂಕವನ್ನೂ ಬರೆದಿಟ್ಟ.

‘ಈ ಪುಸ್ತಕಕ್ಕೆ ಒಳ್ಳೆಯ ವ್ಯಾಖ್ಯಾನ ಯಾವುದು?’ ಎಂದು ಯಾರಾದರೂ ಕೇಳಿದಾಗ ನನಗೆ ಈ ಸುರುಳಿ ನೆನಪಾಗುತ್ತದೆ. ಪ್ರತಿ ವ್ಯಾಖ್ಯಾನವೂ ಯಾವುದೋ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು. ಆ ಪ್ರಶ್ನೆ ನಮ್ಮದೂ ಹೌದೇ ಎಂದು ನೋಡಿಕೊಳ್ಳದೆ ಆರಿಸಿದರೆ ದಪ್ಪ ಸಂಪುಟವೂ ಕೈಗೆ ಹತ್ತುವುದಿಲ್ಲ.

ಹೊಸ ಒಡಂಬಡಿಕೆಯ ಪುಸ್ತಕವೊಂದಕ್ಕೆ ನಮಗೆ ತಿಳಿದಿರುವ ಮೊದಲ ವ್ಯಾಖ್ಯಾನ ಬರೆದವನು ಹೆರಾಕ್ಲಿಯೋನ್ ಎಂಬ ಜ್ಞಾನವಾದಿ (ಗುಪ್ತ ಜ್ಞಾನದಿಂದ ರಕ್ಷಣೆ ಎಂದು ನಂಬಿದ ಪಂಥದವನು), ಯೋಹಾನನ ಸುವಾರ್ತೆಯ ಮೇಲೆ. ಅವನಿಗೆ ಎದುರಾಗಿ ಮೂರನೆಯ ಶತಮಾನದಲ್ಲಿ ಕ್ರೈಸ್ತ ಪಂಡಿತ ಒರಿಜನ್ ಬರೆಯಲು ಕೂತ. ‘ಆದಿಯಲ್ಲಿ ವಾಕ್ಯವಿತ್ತು’ ಎಂಬಷ್ಟಕ್ಕೇ ಅವನ ಮೊದಲ ಭಾಗ ಮುಗಿದುಹೋಯಿತು. ಮಧ್ಯಯುಗದಲ್ಲಿ ಫ್ರಾನ್ಸಿನ ತ್ರ್ವಾ ಊರಿನ ಯೆಹೂದಿ ಪಂಡಿತ ರಾಶಿ (1040–1105) ಹೀಬ್ರೂ ಪದಗಳ ಸರಳಾರ್ಥಕ್ಕೆ ಒತ್ತು ಕೊಟ್ಟ. ಫ್ರಾನ್ಸಿಸ್ಕನ್ ಸನ್ಯಾಸಿ ನಿಕೊಲಾಸ್ ಆಫ್ ಲೈರಾ ಅವನಿಂದ ಕಲಿತ. ಪ್ರಾಟೆಸ್ಟಂಟ್ ಸುಧಾರಕ ಲೂಥರ್ ಲೈರಾನಿಂದ ಕಲಿತ. ಕ್ರೈಸ್ತರ ವ್ಯಾಖ್ಯಾನದ ಬೇರುಗಳಲ್ಲಿ ಒಂದು ಯೆಹೂದಿ ನೆಲದಲ್ಲಿದೆ ಎಂಬುದನ್ನು ಹಲವರು ಮರೆತೇಬಿಡುತ್ತಾರೆ.

ಆಯ್ಕೆಯ ತಲೆನೋವು ಹೊಸದಲ್ಲ. ಪೌಲ ರೋಮಾಪುರದವರಿಗೆ ಬರೆದ ಪತ್ರದ ಮೇಲೆ 1540ರಲ್ಲಿ ವ್ಯಾಖ್ಯಾನ ಪ್ರಕಟಿಸಿದ ಸುಧಾರಕ ಜಾನ್ ಕ್ಯಾಲ್ವಿನ್ ಅರ್ಪಣೆಯ ಮಾತಿನಲ್ಲೇ ಅದನ್ನು ಎತ್ತಿಕೊಂಡಿದ್ದಾನೆ. ಅವನ ಪ್ರಕಾರ, ಜೊತೆಯ ಸುಧಾರಕ ಮೆಲಾಂಕ್ತನ್ ಮುಖ್ಯ ವಿಷಯಗಳನ್ನಷ್ಟೇ ಹಿಡಿದು ಉಳಿದದ್ದನ್ನು ಬಿಟ್ಟಿದ್ದಾನೆ. ಇನ್ನೊಬ್ಬ ಸುಧಾರಕ ಬುಟ್ಸರ್ ಬರೆದದ್ದು ಬಿಡುವಿಲ್ಲದವರಿಗೆ ಓದಿ ಮುಗಿಸಲಾಗದಷ್ಟು ಉದ್ದ. ವ್ಯಾಖ್ಯಾನಕಾರನ ಗುಣ ಸ್ಪಷ್ಟವಾದ ಸಂಕ್ಷೇಪ, ಬರೆದವನ ಮನಸ್ಸನ್ನು ತೆರೆದು ತೋರುವುದೇ ಅವನ ಕೆಲಸ ಎಂಬುದು ಕ್ಯಾಲ್ವಿನನ ನಿಲುವು. ಸ್ನೇಹಿತರ ಶ್ರಮವನ್ನು ಗೌರವಿಸುತ್ತಲೇ ಅವನು ಕೊಟ್ಟ ಈ ವಿಮರ್ಶೆ ಇಂದಿಗೂ ಆಯ್ಕೆಗೆ ಒಳ್ಳೆಯ ಅಳತೆಗೋಲು ಎಂದು ನಾನು ನಂಬುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರಶ್ನೆಗಳೇ ಬದಲಾದವು. ಯಾರು ಬರೆದದ್ದು, ಯಾವಾಗ, ಎಷ್ಟು ಕೈಗಳಲ್ಲಿ? 1892ರಲ್ಲಿ ಜರ್ಮನ್ ವಿದ್ವಾಂಸ ಬರ್ನ್‌ಹಾರ್ಡ್ ಡೂಮ್ ಯೆಶಾಯನ ಪುಸ್ತಕವನ್ನು ಅಧ್ಯಾಯ 1–39, 40–55, 56–66 ಎಂದು ಮೂರು ಭಾಗವಾಗಿ ಓದಿದ. 1895ರಲ್ಲಿ ‘ಇಂಟರ್‌ನ್ಯಾಷನಲ್ ಕ್ರಿಟಿಕಲ್ ಕಾಮೆಂಟರಿ’ ಮಾಲೆ ಶುರುವಾಯಿತು. ಅದೇ ವರ್ಷ ಅದರಲ್ಲಿ ಸ್ಯಾಂಡೆ ಮತ್ತು ಹೆಡ್ಲಮ್ ಬರೆದ ರೋಮಾಪುರದ ಸಂಪುಟ ಬಂತು: ಪದ, ವ್ಯಾಕರಣ, ಪಾಠಾಂತರ, ಇತಿಹಾಸ. 1919ರಲ್ಲಿ ಅದೇ ಪತ್ರದ ಮೇಲೆ ಬರೆದ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್, ಇಷ್ಟಕ್ಕೇ ನಿಂತರೆ ಅದು ವ್ಯಾಖ್ಯಾನದ ಪೂರ್ವಸಿದ್ಧತೆ ಮಾತ್ರ ಎಂದು ವಾದಿಸಿದ. ಅವನಿಗೆ ಮಾದರಿಯಾಗಿ ಕಂಡವನು ಕ್ಯಾಲ್ವಿನ್, ಮೊದಲನೆಯ ಶತಮಾನಕ್ಕೂ ಹದಿನಾರನೆಯ ಶತಮಾನಕ್ಕೂ ನಡುವಿನ ಗೋಡೆ ಮಾಯವಾಗುವವರೆಗೆ ಪಠ್ಯದ ಜೊತೆ ಸೆಣಸಿದವನು.

ಪ್ರಕಟವಾದ ವರ್ಷವನ್ನು ಏಕೆ ನೋಡಬೇಕು ಎಂಬುದಕ್ಕೂ ಈ ಪತ್ರವೇ ಉದಾಹರಣೆ. ಇದರ ಮೇಲೆ ಕ್ರ್ಯಾನ್‌ಫೀಲ್ಡ್ ಎಂಬ ವಿದ್ವಾಂಸರು ಬರೆದ ಎರಡು ಸಂಪುಟಗಳಲ್ಲಿ ಮೊದಲನೆಯದು ಬಂದದ್ದು 1975ರಲ್ಲಿ. ಎರಡು ವರ್ಷಗಳ ನಂತರ ಇ. ಪಿ. ಸ್ಯಾಂಡರ್ಸ್, ಪೌಲನ ಕಾಲದ ಯೆಹೂದಿ ಧರ್ಮವನ್ನು ‘ಪುಣ್ಯ ಗಳಿಸಿ ರಕ್ಷಣೆ ಪಡೆಯುವ ಧರ್ಮ’ ಎಂದು ಚಿತ್ರಿಸುವುದು ತಪ್ಪು ಎಂದು ವಾದಿಸಿದರು. ಆ ಚರ್ಚೆಯನ್ನು ಮೈಗೂಡಿಸಿಕೊಂಡು 1988ರಲ್ಲಿ ಜೇಮ್ಸ್ ಡನ್ ಇದೇ ಪತ್ರಕ್ಕೆ ವ್ಯಾಖ್ಯಾನ ಬರೆದರು. ಗ್ರೀಕ್ ವಾಕ್ಯರಚನೆ ತಿಳಿಯಲು ಕ್ರ್ಯಾನ್‌ಫೀಲ್ಡ್ ಇಂದಿಗೂ ಬೇಕು. ‘ಧರ್ಮಶಾಸ್ತ್ರದ (ಮೋಶೆಯ ನಿಯಮದ) ಕ್ರಿಯೆಗಳು’ ಎಂದರೆ ಪೌಲನಿಗೆ ಏನು ಎಂದು ಕೇಳುವವರು ಅವರೊಬ್ಬರಲ್ಲೇ ನಿಲ್ಲಬಾರದು.

ಮಾಲೆಯ ಹೆಸರು ನೋಡಿ ಇಡೀ ಸೆಟ್ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಒಂದೊಂದು ಸಂಪುಟಕ್ಕೂ ಬೇರೆ ಬೇರೆ ಲೇಖಕ. ಒಂದು ಗಟ್ಟಿ, ಪಕ್ಕದ್ದು ಜೊಳ್ಳು ಆಗಿರಬಹುದು. ಒಬ್ಬರೇ ಬರೆದದ್ದೆಂದು ನಾವು ನಂಬಿದ ಕೃತಿಯೂ ಹಾಗಿರಬೇಕಿಲ್ಲ: ಮ್ಯಾಥ್ಯೂ ಹೆನ್ರಿ 1714ರಲ್ಲಿ ತೀರಿಕೊಂಡಾಗ ಅವರ ವ್ಯಾಖ್ಯಾನ ಅಪೊಸ್ತಲರ ಕೃತ್ಯಗಳವರೆಗೆ ಬಂದಿತ್ತು, ಮುಂದಿನದನ್ನು ಪೂರೈಸಿದವರು ಬೇರೆ ಪಾದ್ರಿಗಳು. ಯೋಬನ ಪುಸ್ತಕದ ಕಷ್ಟದ ಹೀಬ್ರೂವಿಗೆ ಭಾಷಾಶಾಸ್ತ್ರ ಬಲ್ಲವರು ಬೇಕು, ಬೈಬಲಿನ ಕೊನೆಯ ಪುಸ್ತಕ ‘ಪ್ರಕಟನೆ’ಗೆ ಆ ಬಗೆಯ ದರ್ಶನ ಸಾಹಿತ್ಯವನ್ನು ಅರಗಿಸಿಕೊಂಡವರು ಬೇಕು. ಬರೆದವರು ಯಾವ ಸಭೆಯವರು, ಯಾವ ನೆಲದಲ್ಲಿ ನಿಂತವರು ಎಂಬುದೂ ಮುಖ್ಯ. 2006ರಲ್ಲಿ 70 ಆಫ್ರಿಕನ್ ವಿದ್ವಾಂಸರು ಸೇರಿ ತಂದ ವ್ಯಾಖ್ಯಾನ ತಮ್ಮ ನೆಲದಲ್ಲಿ ನಿಂತು ಬರೆದವು ಇಲ್ಲವೆಂಬ ಕೊರತೆ ಕಂಡೇ ಹುಟ್ಟಿತು.

ಕೊಳ್ಳುವ ಮುಂಚೆ ನಾನು ಮಾಡುವುದು ಒಂದೇ ಪರೀಕ್ಷೆ. ರೋಮಾಪುರದವರಿಗೆ 3:22 ತೆರೆಯುತ್ತೇನೆ. ಅಲ್ಲಿನ ಗ್ರೀಕ್ ‘ಪಿಸ್ತಿಸ್’ ಕ್ರಿಸ್ತನಲ್ಲಿ ನಾವಿಡುವ ನಂಬಿಕೆಯೋ, ಕ್ರಿಸ್ತನದೇ ನಂಬಿಗಸ್ತಿಕೆಯೋ? ವ್ಯಾಕರಣ ಎರಡಕ್ಕೂ ಎಡೆ ಕೊಡುತ್ತದೆ. ಎರಡೂ ಪಕ್ಷದವರ ವಾದವನ್ನು ಅವರೇ ಒಪ್ಪುವಂತೆ ಮುಂದಿಟ್ಟು, ಆಮೇಲೆ ತನ್ನ ಒಲವನ್ನು ಕಾರಣ ಸಮೇತ ಹೇಳುವ ಪುಸ್ತಕವನ್ನು ಮನೆಗೆ ತರುತ್ತೇನೆ. ಪ್ರಶ್ನೆಯೇ ಇಲ್ಲ ಎಂಬಂತೆ ಮುಂದಿನ ವಚನಕ್ಕೆ ದಾಟಿಬಿಡುವುದನ್ನು ಅಲ್ಲೇ ಬಿಡುತ್ತೇನೆ.