ಫ್ಲಕ್ಸ್ ಟವರ್: ಜೌಗಿನಲ್ಲಿ ನಿಂತು ಗಾಳಿಯ ಲೆಕ್ಕ ಇಡುವ ಗೋಪುರ

ನೆಲಕ್ಕೂ ವಾತಾವರಣಕ್ಕೂ ನಡುವೆ ಅನಿಲ, ನೀರಾವಿ ಮತ್ತು ಶಾಖದ ಕೊಡು-ಕೊಳ್ಳುವಿಕೆ ಸದಾ ನಡೆಯುತ್ತಿರುತ್ತದೆ. ಅದನ್ನು ಹಗಲೂ ರಾತ್ರಿ ಬಿಡದೆ ಅಳೆಯುವ ಗೋಪುರವೇ ಫ್ಲಕ್ಸ್ ಟವರ್. ಫ್ಲಕ್ಸ್ ಎಂದರೆ ಇಲ್ಲಿ ಹರಿವಿನ ದರ: ಒಂದು ಚದರ ಮೀಟರ್ ನೆಲದಿಂದ ಒಂದು ಸೆಕೆಂಡಿನಲ್ಲಿ ಎಷ್ಟು ಇಂಗಾಲದ ಡೈಆಕ್ಸೈಡ್ ಮೇಲೆ ಹೋಯಿತು ಅಥವಾ ಎಷ್ಟು ಕೆಳಗೆ ಇಳಿಯಿತು ಎಂಬ ಲೆಕ್ಕ. ಮಾಮೂಲಿ ಹವಾಮಾನ ಕೇಂದ್ರ ಗಾಳಿಯಲ್ಲಿ ತೇವ ಎಷ್ಟಿದೆ, ಸೆಕೆ ಎಷ್ಟಿದೆ ಎಂದು ತಿಳಿಸುತ್ತದೆ. ಯಾವುದು ಯಾವ ದಿಕ್ಕಿಗೆ ಎಷ್ಟು ಹೋಗುತ್ತಿದೆ ಎಂದು ತಿಳಿಯಬೇಕಾದರೆ ಈ ಗೋಪುರ ಬೇಕು.

ಕಾಡಿನಲ್ಲೂ ಹೊಲದಲ್ಲೂ ಇಂಥವು ಇವೆ. ಆದರೆ ಇದರ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಜೌಗು ನೆಲದಲ್ಲಿ ಎಂದು ನನಗನ್ನಿಸುತ್ತದೆ. ನೀರು ನಿಂತ ಮಣ್ಣಿಗೆ ಆಮ್ಲಜನಕ ಸಿಗುವುದಿಲ್ಲ. ಹಾಗಾಗಿ ಸತ್ತ ಎಲೆ, ಬೇರುಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂರುತ್ತವೆ. ಗಿಡಗಳು ಗಾಳಿಯಿಂದ ಹೀರಿದ ಇಂಗಾಲ ಮಣ್ಣಿನಲ್ಲಿ ಜಮಾ ಆಗುತ್ತದೆ. ಅದೇ ಕೆಸರಿನಲ್ಲಿ, ಆಮ್ಲಜನಕ ಇಲ್ಲದ ಕಾರಣಕ್ಕೇ ಬದುಕುವ ಸೂಕ್ಷ್ಮಾಣುಗಳು ಮೀಥೇನ್ ತಯಾರಿಸುತ್ತವೆ. ಜೊಂಡು ಹುಲ್ಲಿನ ಕಾಂಡದೊಳಗಿನ ಟೊಳ್ಳಿನ ಮೂಲಕ ಅದು ನೀರನ್ನು ಹಾಯದೆಯೇ ಗಾಳಿಗೆ ಸೇರಿಬಿಡುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ, ಮೀಥೇನ್ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಒಂದು ಜೌಗು ಭೂಗೋಳವನ್ನು ತಂಪಾಗಿಸುತ್ತಿದೆಯೋ ಬಿಸಿಯಾಗಿಸುತ್ತಿದೆಯೋ ಎಂಬುದು ಈ ಜಮಾ-ಖರ್ಚನ್ನು ಕೂಡಿ ಕಳೆದ ಮೇಲೆ ಉಳಿಯುವ ಮೊತ್ತ. ಅಂದಾಜಿನ ಮೇಲೆ ಅದನ್ನು ಹೇಳಲಾಗದು.

ಅಳೆಯುವ ವಿಧಾನಕ್ಕೆ ಎಡ್ಡಿ ಕೋವೇರಿಯನ್ಸ್ ಎಂದು ಹೆಸರು; ಎಡ್ಡಿ ಎಂದರೆ ಸುಳಿ. ನೆಲದ ಮೇಲೆ ಬೀಸುವ ಗಾಳಿ ನೇರವಾಗಿ ಸಾಗುವುದಿಲ್ಲ, ಸಣ್ಣ ದೊಡ್ಡ ಸುಳಿಗಳಾಗಿ ಉರುಳುತ್ತಾ ಸಾಗುತ್ತದೆ. ಪ್ರತಿ ಸುಳಿಯೂ ಒಂದಿಷ್ಟು ಗಾಳಿಯನ್ನು ಮೇಲೆತ್ತಿ, ಇನ್ನೊಂದಿಷ್ಟನ್ನು ಕೆಳಗೆ ತಳ್ಳುತ್ತದೆ. ಗೋಪುರದ ತುದಿಯಲ್ಲಿರುವ ಸೋನಿಕ್ ಅನಿಮೋಮೀಟರ್ ಎಂಬ ಗಾಳಿಮಾಪಕದಲ್ಲಿ ಮೂರು ಜೋಡಿ ಪುಟ್ಟ ಸಂವೇದಕಗಳು ಎದುರುಬದುರಾಗಿ ನಿಂತು ಶಬ್ದದ ಅಲೆಗಳನ್ನು ಕಳಿಸಿಕೊಳ್ಳುತ್ತವೆ. ಗಾಳಿ ಬೀಸುವ ಕಡೆಗೆ ಹೊರಟ ಶಬ್ದ ಬೇಗ ಮುಟ್ಟುತ್ತದೆ, ಎದುರು ಹೊರಟದ್ದು ತಡವಾಗಿ. ಆ ವ್ಯತ್ಯಾಸದಿಂದ ಗಾಳಿಯ ವೇಗ ಮೂರೂ ದಿಕ್ಕಿನಲ್ಲಿ ಗೊತ್ತಾಗುತ್ತದೆ. ಪಕ್ಕದಲ್ಲೇ ಇರುವ ಅನಿಲ ಮಾಪಕ ಅವಗೆಂಪು ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತು ಎಂಬುದರಿಂದ ಅನಿಲದ ಪ್ರಮಾಣ ಹೇಳುತ್ತದೆ.

ಬೇಸಿಗೆಯ ಮಧ್ಯಾಹ್ನ ಜೊಂಡಿನ ಮೇಲೆ ಒಂದು ಸುಳಿ ಎದ್ದಿತು ಎಂದುಕೊಳ್ಳಿ. ಗಿಡಗಳ ನಡುವಿನಿಂದ ಮೇಲೆ ಬಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸರಾಸರಿಗಿಂತ ತುಸು ಕಡಿಮೆ, ಏಕೆಂದರೆ ಎಲೆಗಳು ಅದನ್ನು ಹೀರಿವೆ. ಮೀಥೇನ್ ಮಾತ್ರ ತುಸು ಹೆಚ್ಚು. ಮರುಕ್ಷಣ ಕೆಳಗಿಳಿದ ಗಾಳಿಯಲ್ಲಿ ಇದು ತಿರುಗುಮುರುಗು. ಪ್ರತಿ ಕ್ಷಣದ ಏರಿಳಿತದ ವೇಗವನ್ನೂ ಅನಿಲದ ಹೆಚ್ಚು-ಕಡಿಮೆಯನ್ನೂ ಗುಣಿಸಿ ಸರಾಸರಿ ತೆಗೆದರೆ ಸಿಗುವುದೇ ಫ್ಲಕ್ಸ್. ಸೆಕೆಂಡಿಗೆ 20 ಸಲ ಅಳೆದರೆ ಅರ್ಧ ಗಂಟೆಗೆ 36,000 ಅಳತೆಗಳಾಗುತ್ತವೆ. ಅಷ್ಟರಿಂದ ಹೊರಬರುವುದು ಅನಿಲಕ್ಕೆ ಒಂದೊಂದೇ ಸಂಖ್ಯೆ. ಇದರ ಮೂಲ ವಿಚಾರವನ್ನು ಆಸ್ಟ್ರೇಲಿಯಾದ ವಿಜ್ಞಾನಿ ಸ್ವಿನ್‌ಬ್ಯಾಂಕ್ 1951ರಲ್ಲೇ ಮಂಡಿಸಿದ್ದರು. ಆದರೆ ಇಷ್ಟು ವೇಗದ ಉಪಕರಣಗಳು ಬಂದು, ವರ್ಷಗಟ್ಟಲೆ ಬಿಡದೆ ಅಳೆಯುವುದು ಸಾಧ್ಯವಾಗಿದ್ದು 1990ರ ದಶಕದಲ್ಲಿ.

ಗೋಪುರ ನೆಡುವ ಕೆಲಸಕ್ಕೆ ಬಂದರೆ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋ-ಸ್ಯಾನ್ ವಾಕೀನ್ ನದಿಗಳ ಡೆಲ್ಟಾ ಒಳ್ಳೆಯ ಉದಾಹರಣೆ. 1850ರ ದಶಕದಿಂದೀಚೆಗೆ ಅಲ್ಲಿನ ಜೌಗಿಗೆ ಏರಿ ಕಟ್ಟಿ, ನೀರು ಬಸಿದು ಬೇಸಾಯ ಮಾಡಿದರು. ಅರೆಕೊಳೆತ ಎಲೆ, ಬೇರುಗಳಿಂದಾದ ಪೀಟ್ ಮಣ್ಣು ಗಾಳಿ ಸೋಕಿ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಹೋಯಿತು, ನೆಲ ಕುಸಿಯಿತು. ಏರಿಗಳ ನಡುವಿನ ಕೆಲವು ದ್ವೀಪಗಳು ಈಗ ಸಮುದ್ರಮಟ್ಟಕ್ಕಿಂತ 6 ಮೀಟರಿಗೂ ಕೆಳಗಿವೆ. ಟ್ವಿಚೆಲ್ ದ್ವೀಪದಲ್ಲಿ 1997ರಲ್ಲಿ, ಶರ್ಮನ್ ದ್ವೀಪದ ಮೇಬೆರಿಯಲ್ಲಿ 2010ರಲ್ಲಿ ಮತ್ತೆ ನೀರು ನಿಲ್ಲಿಸಿ ಜೊಂಡು ಬೆಳೆಯಲು ಬಿಟ್ಟರು. ಬರ್ಕ್ಲಿ ವಿಶ್ವವಿದ್ಯಾಲಯದ ಡೆನಿಸ್ ಬಾಲ್ಡೊಕ್ಕಿ ಮತ್ತು ಅವರ ತಂಡ ಇಂಥ ಜೌಗುಗಳಲ್ಲೂ ಸುತ್ತಲಿನ ಹೊಲ, ಹುಲ್ಲುಗಾವಲುಗಳಲ್ಲೂ ಗೋಪುರಗಳನ್ನು ನಿಲ್ಲಿಸಿ ಹೋಲಿಸಿ ನೋಡಿದೆ.

ಇಂಥ ನೆಲ ಮೆತ್ತಗೆ, ಕಂಬ ಊರಿದರೆ ನಿಲ್ಲದು. ಗೋಪುರ ಓಲಾಡಿದರೆ ಅದರ ಓಲಾಟವೇ ಗಾಳಿಯ ಅಳತೆಯೊಳಗೆ ಸೇರಿಬಿಡುತ್ತದೆ. ಆದ್ದರಿಂದ ಕಾಲುಗಳನ್ನು ಆಳಕ್ಕೆ ಇಳಿಸಬೇಕು, ಮೇಲೆ ತಂತಿ ಕಟ್ಟಿ ಬಿಗಿಯಬೇಕು. ಅಲ್ಲಿಗೆ ಹೋಗಲು ಹಲಗೆಯ ಕಾಲುದಾರಿ ಬೇಕು. ಕೆಸರಿಗೆ ಕಾಲಿಟ್ಟರೆ ಅಡಗಿದ್ದ ಮೀಥೇನ್ ಗುಳ್ಳೆಗಳು ಎದ್ದು, ಅಳೆಯಲು ಬಂದವರೇ ಅಳತೆಯನ್ನು ಕೆಡಿಸಿದಂತಾಗುತ್ತದೆ. ಕರೆಂಟು ಸೌರ ಫಲಕ ಮತ್ತು ಬ್ಯಾಟರಿಯಿಂದ, ಸಿಡಿಲಿಗೆ ಅರ್ತಿಂಗ್. ಅನಿಲ ಮಾಪಕದ ಮಸೂರದ ಮೇಲೆ ಇಬ್ಬನಿ ಕೂತರೆ, ಕನ್ನಡಿಯ ಮೇಲೆ ಹಕ್ಕಿ ಹಿಕ್ಕೆ ಹಾಕಿದರೆ ಆ ಹೊತ್ತಿನ ಲೆಕ್ಕ ಬಿಟ್ಟುಹೋಗುತ್ತದೆ. ಫ್ಲಾರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಮ್ಯಾಂಗ್ರೋವ್ ಕಾಡಿನ ನಡುವೆ ನಿಲ್ಲಿಸಿದ್ದ ಕೇಂದ್ರಕ್ಕೆ 2005ರ ಅಕ್ಟೋಬರ್‌ನಲ್ಲಿ ವಿಲ್ಮಾ ಚಂಡಮಾರುತ ಬಡಿದು, ಅಳತೆ ಬಹುಕಾಲ ನಿಂತೇಹೋಗಿತ್ತು.

ಇಷ್ಟೆಲ್ಲದರಲ್ಲಿ ಅತಿ ಮುಖ್ಯವಾದದ್ದು ಜಾಗದ ಆಯ್ಕೆ. ಗೋಪುರ ತನ್ನ ಬುಡದ ನೆಲವನ್ನು ಅಳೆಯುವುದಿಲ್ಲ. ಗಾಳಿ ಬರುವ ದಿಕ್ಕಿನಲ್ಲಿ ದೂರದವರೆಗಿನ ನೆಲವನ್ನು ಅಳೆಯುತ್ತದೆ. ಆ ನೆಲಕ್ಕೆ ಫುಟ್‌ಪ್ರಿಂಟ್ ಎನ್ನುತ್ತಾರೆ. ಉಪಕರಣ ಗಿಡಗಳಿಗಿಂತ 4 ಮೀಟರ್ ಮೇಲಿದ್ದರೆ, ಗಾಳಿ ಬರುವ ದಿಕ್ಕಿನಲ್ಲಿ ಅದರ ನೂರು ಪಟ್ಟು, ಅಂದರೆ 400 ಮೀಟರ್‌ವರೆಗೆ ಒಂದೇ ಬಗೆಯ ಜೌಗು ಇರಲಿ ಎಂಬುದು ರೂಢಿಯ ಲೆಕ್ಕ. ಡೆಲ್ಟಾದಲ್ಲಿ ಪಶ್ಚಿಮದ ಗಾಳಿ ಜೋರು. ಹಾಗಾಗಿ ಗೋಪುರದ ಪಶ್ಚಿಮಕ್ಕೆ ಜೌಗು ಚಾಚಿಕೊಂಡಿರಬೇಕು. ಇಲ್ಲವಾದರೆ ಪಕ್ಕದ ಮೆಕ್ಕೆಜೋಳದ ಹೊಲದ ಲೆಕ್ಕ ಜೌಗಿನ ಹೆಸರಿಗೆ ಬರೆದಂತಾಗುತ್ತದೆ. ಗಾಳಿ ಸತ್ತ ರಾತ್ರಿಗಳಲ್ಲಿ ಸುಳಿಗಳೇ ಏಳವು, ಆ ಹೊತ್ತಿನ ಅಂಕಿಗಳನ್ನು ಕೈಬಿಟ್ಟು ಬೇರೆ ಲೆಕ್ಕದಿಂದ ತುಂಬಬೇಕು.

ಡೆಲ್ಟಾದ ಗೋಪುರಗಳು ತೋರಿಸಿದ್ದು ಇದು: ನೀರು ಬಸಿದ ಹೊಲಗಳು ಇಂಗಾಲ ಕಳೆದುಕೊಳ್ಳುತ್ತಲೇ ಇವೆ; ಮತ್ತೆ ಜೌಗಾದ ನೆಲ ಬಹುಪಾಲು ಅದನ್ನು ಹೀರುತ್ತಿದೆ, ಜೊತೆಗೆ ಮೀಥೇನನ್ನೂ ಬಿಡುತ್ತಿದೆ. ಮೊದಲ ವರ್ಷಗಳಲ್ಲಿ ಮೀಥೇನಿನ ಕೈ ಮೇಲಾಗಬಹುದು. ಜೌಗು ಉಳಿಸುವ ಮಾತಾಡುವವರು ಈ ಅಂಕಿಯನ್ನು ಮುಚ್ಚಿಡಬಾರದು. ಮುಚ್ಚಿಡುವ ಅಗತ್ಯವೂ ಇಲ್ಲ: ಮೀಥೇನ್ ವಾತಾವರಣದಲ್ಲಿ ಉಳಿಯುವುದು ಸುಮಾರು ಹನ್ನೆರಡು ವರ್ಷ, ಮಣ್ಣು ಸೇರಿದ ಇಂಗಾಲ ನೀರಿರುವವರೆಗೂ ಉಳಿಯುತ್ತದೆ.

ನಮ್ಮ ದೇಶದಲ್ಲಿ ಸುಂದರಬನದಲ್ಲೂ ತಮಿಳುನಾಡಿನ ಪಿಚ್ಚಾವರಂನಲ್ಲೂ ಮ್ಯಾಂಗ್ರೋವ್ ನಡುವೆ ಫ್ಲಕ್ಸ್ ಟವರ್‌ಗಳು ಕೆಲಸ ಮಾಡಿವೆ. ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್‌ಸರ್ ಪಟ್ಟಿಗೆ 2024ರಲ್ಲಿ ಸೇರಿದ ಅಘನಾಶಿನಿ ಅಳಿವೆಯಲ್ಲೂ ಇಂಥ ಲೆಕ್ಕ ಸಿಗಬೇಕೆಂಬುದು ನನ್ನ ಆಸೆ. ಆದರೆ ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಪ್ಪುನೀರು ತಾಳುವ ಕಗ್ಗ ಭತ್ತದ ಗಜನಿ ಗದ್ದೆ, ತೆರೆದ ನೀರು ಎಲ್ಲವೂ ಪಟ್ಟಿ ಪಟ್ಟಿಯಾಗಿ ಹೆಣೆದುಕೊಂಡಿವೆ. ಕರಾವಳಿಯಾದ್ದರಿಂದ ಹಗಲು ಕಡಲಗಾಳಿ, ರಾತ್ರಿ ನೆಲಗಾಳಿ. ಒಂದೇ ಗೋಪುರ ಹಗಲು ಒಂದು ನೆಲವನ್ನೂ ರಾತ್ರಿ ಇನ್ನೊಂದನ್ನೂ ಅಳೆಯುತ್ತದೆ. ಅಲ್ಲಿ ಗೋಪುರ ಎತ್ತುವುದಕ್ಕೆ ಮೊದಲು ಸಾದಾ ಗಾಳಿಮಾಪಕ ಒಂದನ್ನು ನಿಲ್ಲಿಸಿ, ಒಂದು ಪೂರ್ತಿ ವರ್ಷದ ಗಾಳಿಯ ದಿಕ್ಕನ್ನು ಬರೆದಿಟ್ಟುಕೊಳ್ಳಬೇಕಾಗುತ್ತದೆ.